ಊರಿನ ಕಾಲೇಜು, ಊರಿನವರ ದುಡ್ಡು

(ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಗೆಳೆಯರ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಊರೂರಲ್ಲಿರುವ ಎರಡು ವರ್ಷದ ಸರ್ಕಾರಿ ಕಾಲೇಜು, ಅದೇ ಕಮ್ಯುನಿಟಿ ಕಾಲೇಜು, ಅಂದರೆ ನಮ್ಮವರಿಗೆ ಸ್ವಲ್ಪ ಮುಜುಗರ. ಮಗಳು ಪರ್ಡ್ಯೂ, ಬರ್ಕ್ಲಿಯಂಥ ದೊಡ್ಡ ಯೂನಿವರ್ಸಿಟಿಗೆ ಹೋದರೆ ಯುಗಾದಿ ಊಟದಲ್ಲಿ ನಾಲ್ಕು ಮಂದಿಗೆ ಕೇಳುವ ಹಾಗೆ ಹೇಳುತ್ತೇವೆ. ಕಮ್ಯುನಿಟಿ ಕಾಲೇಜಿಗೆ ಸೇರಿದ್ದರೆ "ಸದ್ಯಕ್ಕೆ ಇಲ್ಲೇ ಹತ್ತಿರ" ಅಂತ ಹೇಳಿ ಒಬ್ಬಟ್ಟಿನ ಕಡೆ ತಿರುಗುತ್ತೇವೆ. ಅದಕ್ಕೇ ಈ ವಿಷಯವನ್ನು ಬೇಕಂತಲೇ ಆರಿಸಿಕೊಂಡೆ. ಈ ಕಾಲೇಜುಗಳಿಗೆ ಊರಿನ ದಾನಿಗಳು ಕೊಡುವ ದುಡ್ಡು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಸುಮ್ನೆ ಕೂರುತ್ತದೆ ಅನ್ನುವುದರ ಬಗ್ಗೆ ಮಾತಾಡುತ್ತೇನೆ.

ಮೊದಲು ಚುಟುಕಾಗಿ ಹಿನ್ನೆಲೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ ಇಂಥ ಮೊದಲ ಸಾರ್ವಜನಿಕ ಕಾಲೇಜು ಶುರುವಾಯಿತು. ಈಗ ದೇಶದಲ್ಲಿ ಸುಮಾರು ಒಂದು ಸಾವಿರ ಇವೆ. ಎರಡು ವರ್ಷದ ಓದು. ಹೈಸ್ಕೂಲು ಮುಗಿಸಿದವರು ಯಾರು ಬಂದರೂ ಸೀಟು ಕೊಡುತ್ತಾರೆ. ಕೆಲವರು ಇಲ್ಲಿಂದ ಯೂನಿವರ್ಸಿಟಿಗೆ ಹೋಗುತ್ತಾರೆ, ಕೆಲವರು ನರ್ಸಿಂಗ್, ವೆಲ್ಡಿಂಗ್ ಇಂಥದ್ದು ಕಲಿತು ನೇರವಾಗಿ ಕೆಲಸಕ್ಕೆ ಸೇರುತ್ತಾರೆ. ನಿಮ್ಮ ಹಲ್ಲು ಕ್ಲೀನ್ ಮಾಡುವವರು, ಜುಲೈ ಸೆಕೆಯಲ್ಲಿ ಏಸಿ ರಿಪೇರಿಗೆ ಬರುವವರು, ಆಸ್ಪತ್ರೆಯ ರಾತ್ರಿ ಪಾಳಿಯ ನರ್ಸ್, ಇವರಲ್ಲಿ ಎಷ್ಟೋ ಮಂದಿ ಓದಿದ್ದು ಇಲ್ಲೇ. ಅರ್ಧಕ್ಕಿಂತ ಜಾಸ್ತಿ ವಿದ್ಯಾರ್ಥಿಗಳು ಪಾರ್ಟ್ ಟೈಮ್. ಅಂದರೆ ಕೆಲಸ ಮಾಡಿಕೊಂಡು, ಮಕ್ಕಳನ್ನು ನೋಡಿಕೊಂಡು ಓದುವವರು.

ಈ ಕಾಲೇಜುಗಳು ನಡೆಯುವುದು ರಾಜ್ಯ ಕೊಡುವ ಹಣ, ಹಲವು ಕಡೆ ಊರಿನ ಆಸ್ತಿ ತೆರಿಗೆ, ಮತ್ತೆ ವಿದ್ಯಾರ್ಥಿಗಳ ಫೀಸಿನಿಂದ. ದೊಡ್ಡ ಯೂನಿವರ್ಸಿಟಿಗಳ ಹಾಗೆ ಹಳೆಯ ವಿದ್ಯಾರ್ಥಿಗಳು ಬಂದು ಕೋಟಿಗಟ್ಟಲೆ ಸುರಿಯುವುದಿಲ್ಲ. ಇಲ್ಲಿ ಓದಿದವರು ಊರಲ್ಲೇ ಇರುತ್ತಾರೆ, ಸಂಬಳದಲ್ಲಿ ಬದುಕುತ್ತಾರೆ. ಇನ್ನೊಂದು ವಿಚಿತ್ರ ನೋಡಿ. ಇಲ್ಲಿ ಎರಡು ವರ್ಷ ಓದಿ, ಆಮೇಲೆ ಯೂನಿವರ್ಸಿಟಿಯಲ್ಲಿ ಎರಡು ವರ್ಷ ಓದಿ ಮೇಲೆ ಬಂದವರು ಚೆಕ್ ಬರೆಯುವುದು ಯೂನಿವರ್ಸಿಟಿಗೆ. ಹಾಗಾಗಿ ಕಮ್ಯುನಿಟಿ ಕಾಲೇಜು ಕೈ ಚಾಚಬೇಕಾದ್ದು ಊರಿನವರ ಹತ್ತಿರವೇ. ಊರಿನ ಆಸ್ಪತ್ರೆ, ಬ್ಯಾಂಕು, ಹಳೆಯ ವ್ಯಾಪಾರಿ ಮನೆತನ, ರೋಟರಿ ಕ್ಲಬ್. ಇವರಲ್ಲದೆ ಕಮ್ಯುನಿಟಿ ಫೌಂಡೇಶನ್ ಅನ್ನುವ ಸಂಸ್ಥೆಯೂ ಒಂದಿದೆ. ಅದರ ಕಥೆ ಸ್ವಲ್ಪ ಹೇಳಲೇಬೇಕು.

19ನೇ ಶತಮಾನದಲ್ಲಿ ಸೇಂಟ್ ಲೂಯಿಸ್ ಊರಿಗೆ ಬ್ರಯಾನ್ ಮುಲನ್‌ಫಿ ಅಂತ ಒಬ್ಬರು ಮೇಯರ್ ಇದ್ದರು. 1851ರಲ್ಲಿ ತೀರಿಕೊಂಡರು. ತಮ್ಮ ಆಸ್ತಿಯ ಮೂರನೇ ಒಂದು ಭಾಗವನ್ನು, ಪಶ್ಚಿಮಕ್ಕೆ ವಲಸೆ ಹೋಗುವ ದಾರಿಯಲ್ಲಿ ಆ ಊರಿಗೆ ಬಂದ ಬಡ ಪ್ರಯಾಣಿಕರ ಸಹಾಯಕ್ಕೆ ಅಂತ ಉಯಿಲು ಬರೆದಿಟ್ಟಿದ್ದರು. ಆಗ ಅದು ತುಂಬಾ ಒಳ್ಳೆಯ ಯೋಚನೆ. ಆದರೆ ರೈಲು ಬಂತು. ಬಂಡಿ ಕಟ್ಟಿಕೊಂಡು ಹೋಗುವವರು ಮಾಯವಾದರು. ದುಡ್ಡು ಉಳಿಯಿತು, ಅದನ್ನು ಯಾರಿಗೆ ಕೊಡಬೇಕೋ ಅವರೇ ಇಲ್ಲ.

ಸತ್ತವರ ಷರತ್ತಿಗೆ ಕಟ್ಟುಬಿದ್ದ ಇಂಥ ಹಣ ನೋಡಿ ಬೇಸತ್ತವರಲ್ಲಿ ಕ್ಲೀವ್‌ಲ್ಯಾಂಡಿನ ಬ್ಯಾಂಕರ್ ಫ್ರೆಡರಿಕ್ ಗಾಫ್ ಒಬ್ಬರು. 1914ರಲ್ಲಿ ಅವರು ಕ್ಲೀವ್‌ಲ್ಯಾಂಡ್ ಫೌಂಡೇಶನ್ ಶುರು ಮಾಡಿದರು. ಊರಿನ ದಾನಿಗಳ ದುಡ್ಡೆಲ್ಲ ಒಂದು ಕಡೆ ಸೇರಲಿ, ಊರಿನ ಒಂದು ಸಮಿತಿ ಅದನ್ನು ಹಂಚಲಿ, ಮೂಲ ಉದ್ದೇಶ ಹಳತಾದರೆ ಅದನ್ನು ಬದಲಾಯಿಸುವ ಅಧಿಕಾರವೂ ಆ ಸಮಿತಿಗೆ ಇರಲಿ. ಇಷ್ಟೇ ಯೋಚನೆ. ಈಗ ಅಮೆರಿಕದಲ್ಲಿ ಇಂಥ ನೂರಾರು ಫೌಂಡೇಶನ್‌ಗಳಿವೆ. ನೀವಿರುವ ಊರಲ್ಲೂ ಒಂದು ಇರುವ ಸಾಧ್ಯತೆ ಜಾಸ್ತಿ.

ನಾನು ಕೆಲವು ವರ್ಷ ಒಂದು ಕಮ್ಯುನಿಟಿ ಕಾಲೇಜಿನ ಫೌಂಡೇಶನ್ ಮಂಡಳಿಯಲ್ಲಿ ಕೂತಿದ್ದೆ. ಕಾಲೇಜಿಗೆ ಬರುವ ದೇಣಿಗೆಯನ್ನು ನೋಡಿಕೊಳ್ಳುವ ಪ್ರತ್ಯೇಕ ಸಂಸ್ಥೆ ಅದು, ಹೆಚ್ಚಿನ ಕಾಲೇಜುಗಳಿಗೆ ಒಂದೊಂದು ಇರುತ್ತದೆ. ಅಲ್ಲಿ ಕೂತಾಗ ಮುಲನ್‌ಫಿ ಉಯಿಲಿನ ತಮ್ಮಂದಿರು ಎಷ್ಟು ಮಂದಿ ಸಿಕ್ಕಿದರು ಅಂತೀರಿ! ಇಂಥ ಹೈಸ್ಕೂಲಿನಿಂದ ಬಂದಿರಬೇಕು, ಇಂಥ ವಿಷಯ ಓದುತ್ತಿರಬೇಕು, ಫುಲ್ ಟೈಮ್ ಆಗಿರಬೇಕು, ಇಷ್ಟು ಗ್ರೇಡ್ ಇರಬೇಕು. ನಾಲ್ಕೂ ಕೂಡಿ ಬರುವ ವಿದ್ಯಾರ್ಥಿ ವರ್ಷಗಟ್ಟಲೆ ಸಿಗುತ್ತಿರಲಿಲ್ಲ. ಸ್ಕಾಲರ್‌ಶಿಪ್ ಹಣ ಬಡ್ಡಿ ಬೆಳೆಸಿಕೊಂಡು ಕೂತಿರುತ್ತಿತ್ತು. ಅದೇ ಹೊತ್ತಿಗೆ ಕೆಳಗಿನ ಮಹಡಿಯಲ್ಲಿ ಒಬ್ಬಳು ಕಾರಿನ ಟೈರ್ ಹೋಯಿತು ಅಂತ ಓದು ಬಿಡುವ ಅರ್ಜಿ ತುಂಬುತ್ತಿದ್ದಳು.

ಟೈರ್ ವಿಷಯವನ್ನು ನಾನು ಸುಮ್ನೆ ಎತ್ತಲಿಲ್ಲ. ಅಲ್ಲಿಗೇ ಬರುತ್ತೇನೆ. ಅದಕ್ಕೆ ಮುಂಚೆ ಹೆಸರುವಾಸಿಯಾದ ಒಂದೆರಡು ಪ್ರಯೋಗಗಳನ್ನು ನೋಡೋಣ.

2005ರ ನವೆಂಬರ್‌ನಲ್ಲಿ ಮಿಶಿಗನ್ನಿನ ಕಲಮಝೂ ಊರಿನಲ್ಲಿ ಒಂದು ಘೋಷಣೆ ಆಯಿತು. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕಿಂಡರ್‌ಗಾರ್ಟನ್‌ನಿಂದ ಓದಿ ಮುಗಿಸಿದ ಮಗುವಿಗೆ, ರಾಜ್ಯದ ಯಾವ ಸರ್ಕಾರಿ ಕಾಲೇಜಿಗೆ ಹೋದರೂ ಟ್ಯೂಷನ್ ಫೀಸು ಪೂರ್ತಿ ಕಟ್ಟುತ್ತೇವೆ ಅಂತ. ಒಂಬತ್ತನೇ ಗ್ರೇಡಿನಲ್ಲಿ ಬಂದು ಸೇರಿದವರಿಗೂ 65 ಪರ್ಸೆಂಟ್. ಇದೇ ಕಲಮಝೂ ಪ್ರಾಮಿಸ್. ದುಡ್ಡು ಕೊಟ್ಟವರು ಯಾರು ಅಂತ ಆವತ್ತು ಹೇಳಲಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ನಾವು ಹೇಳುತ್ತಲೇ ಇರುತ್ತೇವೆ, ಆದರೂ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೂ ಹೆಸರು ಬರೆಸುತ್ತೇವೆ. ಅದಿರಲಿ. ಅದೇ ಊರಿನ ಅಪ್‌ಜಾನ್ ಸಂಸ್ಥೆಯ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ, ಪದವಿಯೋ ಸರ್ಟಿಫಿಕೇಟೋ ಮುಗಿಸುವವರ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಏರಿತ್ತು. ದೊಡ್ಡ ಫಲವೇ ಸರಿ. ಆದರೆ ಫೀಸು ಕಟ್ಟಿದ ಮೇಲೂ ಅರ್ಧಕ್ಕೇ ಬಿಡುವವರು ಇದ್ದರು. ಹಾಗಾಗಿ ಆಮೇಲೆ ಪ್ರಾಮಿಸ್‌ನವರು ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಜೊತೆ ನಿಂತು ದಾರಿ ತೋರಿಸುವ ಕೋಚ್‌ಗಳನ್ನೂ ಇಟ್ಟರು.

ಕಲಮಝೂ ನೋಡಿ ಎಷ್ಟೋ ಊರುಗಳು ತಮ್ಮದೂ ಒಂದು ಅಂತ ಹೊರಟವು. ಅದರಲ್ಲಿ ನನಗೆ ಕುತೂಹಲ ಹುಟ್ಟಿಸುವುದು ಟೆನೆಸೀಯ ನಾಕ್ಸ್‌ವಿಲ್. 2008ರಲ್ಲಿ ಅಲ್ಲಿನ ಕೆಲವು ಉದ್ಯಮಿಗಳು, ಜನಪ್ರತಿನಿಧಿಗಳು ಸೇರಿ ನಾಕ್ಸ್ ಅಚೀವ್ಸ್ ಅಂತ ಶುರು ಮಾಡಿದರು. ಅವರಲ್ಲಿ ರ‍್ಯಾಂಡಿ ಬಾಯ್ಡ್ ಒಬ್ಬರು, ಸಾಕುನಾಯಿಗಳು ಅಂಗಳ ದಾಟದ ಹಾಗೆ ತಡೆಯುವ ಉಪಕರಣ ಮಾರಿ ಬೆಳೆದವರು. ಊರಿನ ದೇಣಿಗೆಯಲ್ಲಿ ಊರಿನ ಮಕ್ಕಳನ್ನು ಕಮ್ಯುನಿಟಿ ಕಾಲೇಜಿಗೆ ಕಳಿಸುವುದು ಉದ್ದೇಶ. ಪ್ರತಿ ವಿದ್ಯಾರ್ಥಿಗೂ ಊರಿನವರೇ ಒಬ್ಬರು ಸ್ವಯಂಸೇವಕ ಮಾರ್ಗದರ್ಶಿ. ಪ್ರತಿ ಸೆಮಿಸ್ಟರಿಗೆ ಮುಂಚೆ ವಿದ್ಯಾರ್ಥಿ ಎಂಟು ಗಂಟೆ ಸಮಾಜಸೇವೆ ಮಾಡಬೇಕು. ಒಂದು ಕೌಂಟಿಯ ಈ ಪ್ರಯತ್ನ ಅಕ್ಕಪಕ್ಕಕ್ಕೆ ಹಬ್ಬಿ ಟಿಎನ್ ಅಚೀವ್ಸ್ ಆಯಿತು. ಬಿಲ್ ಹ್ಯಾಸ್ಲಮ್ ಗವರ್ನರ್ ಆಗಿದ್ದಾಗ, 2014ರಲ್ಲಿ ಅದೇ ಮಾದರಿ ಟೆನೆಸೀ ಪ್ರಾಮಿಸ್ ಅನ್ನುವ ಕಾನೂನಾಯಿತು. ಈಗ ಅದಕ್ಕೆ ಲಾಟರಿಯಿಂದ ಬಂದ ದುಡ್ಡಿದೆ, ಇಡೀ ರಾಜ್ಯಕ್ಕೆ ಅನ್ವಯಿಸುತ್ತದೆ. ಊರಿನ ದಾನಿಗಳು ಮಾಡಿದ್ದು ಮೊದಲ ರಿಸ್ಕ್ ತೆಗೆದುಕೊಳ್ಳುವ ಕೆಲಸ. ಸರ್ಕಾರಕ್ಕೆ ಅದು ಕಷ್ಟ, ದಾನಿಗೆ ಸುಲಭ.

ಆದರೆ ಇದರಲ್ಲಿ ಒಂದು ಕೊಕ್ಕೆ ಇದೆ. ಟೆನೆಸೀ ಕೊಡುವುದು ಕೊನೆಯ ಡಾಲರು. ಅಂದರೆ ಬೇರೆ ಸಹಾಯಧನವನ್ನೆಲ್ಲ ಕಳೆದು ಟ್ಯೂಷನ್‌ನಲ್ಲಿ ಎಷ್ಟು ಬಾಕಿ ಉಳಿಯುತ್ತದೋ ಅಷ್ಟನ್ನು ಮಾತ್ರ ತುಂಬಿಕೊಡುವುದು. ಕೇಳಲು ನ್ಯಾಯವಾಗಿಯೇ ಇದೆ. ಈಗ ಲೆಕ್ಕ ಹಾಕಿ. ಬಡ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ಪೆಲ್ ಗ್ರ್ಯಾಂಟ್ ಇದೆ, 2023-24ರಲ್ಲಿ ಅದು ವರ್ಷಕ್ಕೆ ಹೆಚ್ಚೆಂದರೆ 7,395 ಡಾಲರ್. ಕಮ್ಯುನಿಟಿ ಕಾಲೇಜಿನ ಫೀಸು ದೇಶದ ಸರಾಸರಿಯಲ್ಲಿ ಸುಮಾರು 4,000 ಡಾಲರ್. ಪೂರ್ತಿ ಪೆಲ್ ಸಿಗುವ ಫುಲ್ ಟೈಮ್ ವಿದ್ಯಾರ್ಥಿಯ ಫೀಸು ಅದರಲ್ಲೇ ತೀರಿಹೋಯಿತು. ಬಾಕಿ ಸೊನ್ನೆ. ಹಾಗಾದರೆ ಪ್ರಾಮಿಸ್‌ನಿಂದ ಆಕೆಗೆ ಸಿಗುವ ದುಡ್ಡೂ ಸೊನ್ನೆ. ಪೆಲ್ ಸಿಗದ, ಸ್ವಲ್ಪ ಅನುಕೂಲ ಇರುವ ಮನೆಯ ಹುಡುಗನಿಗೆ ಪೂರ್ತಿ ಫೀಸು. ಬಡವರಿಗೆ ಅಂತ ಹೊರಟ ದುಡ್ಡು ಹೀಗೆ ಮೆಲ್ಲಗೆ ಮೇಲಿನ ಮೆಟ್ಟಿಲಿಗೆ ಹತ್ತುತ್ತದೆ.

ಫೀಸು ತೀರಿದ ಮೇಲೆ ಪೆಲ್‌ನಲ್ಲಿ ಉಳಿಯುವುದು ಮೂರು ಚಿಲ್ಲರೆ ಸಾವಿರ. ಅದರಲ್ಲಿ ಒಂದು ವರ್ಷದ ಬಾಡಿಗೆ, ಊಟ, ಪೆಟ್ರೋಲು, ಪುಸ್ತಕ, ಮಗುವಿನ ಡೇಕೇರ್ ಆಗುತ್ತಾ? ನಿಮಗೇ ಗೊತ್ತು. "ಕಾಲೇಜು ಫ್ರೀ" ಅನ್ನುವ ಘೋಷಣೆಗೆ ತುಂಬಾ ಶಕ್ತಿ ಇದೆ, ಹಿಂಜರಿಯುವವರನ್ನು ಬಾಗಿಲವರೆಗೆ ತರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಳಗೆ ಬಂದವರು ಹೊರಗೆ ಹೋಗುವುದು ಬೇರೆ ಕಾರಣಕ್ಕೆ. ಟೆನೆಸೀಯವರಿಗೂ ಇದು ಅರ್ಥವಾಯಿತು. ಟಿಎನ್ ಅಚೀವ್ಸ್ ಆಮೇಲೆ ಬಡ ವಿದ್ಯಾರ್ಥಿಗಳ ಊಟಕ್ಕೆ, ಓಡಾಟಕ್ಕೆ, ಪುಸ್ತಕಕ್ಕೆ ಸಣ್ಣ ಮೊತ್ತ ಕೊಡಲು ಶುರು ಮಾಡಿತು. 2021ರಲ್ಲಿ ರಾಜ್ಯವೂ ಅದಕ್ಕೆ ಕೈಜೋಡಿಸಿತು.

ಇದನ್ನೇ ಮೊದಲಿನಿಂದ ಹಿಡಿದು ಹೊರಟವರು ಟೆಕ್ಸಾಸಿನ ಅಮರಿಲ್ಲೋ ಕಾಲೇಜಿನವರು. ರಾಜ್ಯದ ಉತ್ತರದ ತುದಿ, ದನದ ಮಾಂಸ ಪ್ಯಾಕ್ ಮಾಡುವ ಕಾರ್ಖಾನೆಗಳಿರುವ ಒಣ ಬಯಲು ಸೀಮೆ. ರಸಲ್ ಲೋರಿ-ಹಾರ್ಟ್ ಅಲ್ಲಿ ಅಧ್ಯಕ್ಷರಾಗಿದ್ದರು. ವಿದ್ಯಾರ್ಥಿಗಳು ಯಾಕೆ ಓದು ಬಿಡುತ್ತಾರೆ ಅಂತ ಕಾಲೇಜಿನವರು ಅವರನ್ನೇ ಕೇಳಿದರು. ಮೇಷ್ಟ್ರುಗಳೆಲ್ಲ ಗಣಿತ ಕಷ್ಟ, ಇಂಗ್ಲಿಷ್ ಕಷ್ಟ ಅನ್ನುವ ಉತ್ತರ ಬರುತ್ತದೆ ಅಂದುಕೊಂಡಿದ್ದರು. ಬಂದದ್ದು ಮಗುವನ್ನು ನೋಡಿಕೊಳ್ಳುವವರಿಲ್ಲ, ಕಾರು ಕೆಟ್ಟಿದೆ, ಊಟಕ್ಕಿಲ್ಲ, ಬಾಡಿಗೆ ಕಟ್ಟಿಲ್ಲ, ಕರೆಂಟ್ ಬಿಲ್ ಬಾಕಿ. ಪಾಠ ಕಷ್ಟ ಅನ್ನುವುದು ಮೇಲಿನ ಸಾಲಿನಲ್ಲಿ ಇರಲೇ ಇಲ್ಲ.

ಆಮೇಲೆ ಅವರು ಅಂಕಿಅಂಶ ಇಟ್ಟುಕೊಂಡು ತಮ್ಮ ಸಾಮಾನ್ಯ ವಿದ್ಯಾರ್ಥಿಯ ಒಂದು ಚಿತ್ರ ಬರೆದರು. ಹೆಸರು ಮರಿಯಾ. 27 ವರ್ಷ, ಹಿಸ್ಪಾನಿಕ್, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗಳು, ಮಗುವಿನ ತಾಯಿ, ಎರಡು ಕಡೆ ಕೆಲಸ, ಪಾರ್ಟ್ ಟೈಮ್ ಓದು. ಕಾಲೇಜಿನಲ್ಲಿ ಯಾವ ನಿರ್ಧಾರ ಮಾಡಿದರೂ ಇದರಿಂದ ಮರಿಯಾಗೆ ಏನಾಗುತ್ತದೆ ಅಂತ ಕೇಳುವುದು ರೂಢಿಯಾಯಿತು. 16 ವಾರದ ಕೋರ್ಸುಗಳನ್ನು ಎಂಟು ವಾರಕ್ಕೆ ಇಳಿಸಿದರು, ಯಾಕೆಂದರೆ ನಾಲ್ಕು ತಿಂಗಳು ಯಾವ ಗಂಡಾಂತರವೂ ಬಾರದೆ ಕಳೆಯುವುದು ಮರಿಯಾಗೆ ಕಷ್ಟ. ಜನ ಓಡಾಡುವ ಕಡೆಯೇ ಒಂದು ಕೇಂದ್ರ ತೆರೆದು ಅಲ್ಲಿ ಸೋಶಿಯಲ್ ವರ್ಕರ್‌ಗಳನ್ನು ಕೂರಿಸಿದರು. ದಿನಸಿ, ಬಟ್ಟೆ ಅಲ್ಲೇ ಸಿಗುತ್ತವೆ. ತುರ್ತಾಗಿ ದುಡ್ಡು ಬೇಕಾದರೆ ಬಾಡಿಗೆ, ಕರೆಂಟು, ಕಾರು ರಿಪೇರಿಗೆ ಅಲ್ಲಿಂದಲೇ ದಾರಿ.

ಆ ತುರ್ತು ದುಡ್ಡು ಯಾರದ್ದು? ಕಾಲೇಜಿನ ಫೌಂಡೇಶನ್‌ದು. ಅಂದರೆ ಊರಿನ ದಾನಿಗಳದ್ದು. ನನ್ನ ಇವತ್ತಿನ ಮಾತೆಲ್ಲ ಇದರ ಸುತ್ತಲೇ. ಸರ್ಕಾರದ ದುಡ್ಡು ದೊಡ್ಡದು, ಆದರೆ ನಿಧಾನ. ಯಾವ ತಲೆಬರಹದ ಕೆಳಗೆ ಬಂತೋ ಅದಕ್ಕೇ ಖರ್ಚಾಗಬೇಕು, ಒಬ್ಬಳ ಕರೆಂಟ್ ಬಿಲ್ಲಿಗೆ ತಲೆಬರಹ ಇರುವುದಿಲ್ಲ. ಊರಿನ ದುಡ್ಡು ಚಿಕ್ಕದು, ಆದರೆ ನಾಳೆಯೇ ಬರಬಹುದು. ಟೈರ್ ಹೋದದ್ದು ಸೋಮವಾರ ಆದರೆ ದುಡ್ಡು ಬುಧವಾರ ಬೇಕು. ಮುಂದಿನ ಸೆಮಿಸ್ಟರಿಗೆ ಬಂದರೆ ಆಕೆ ಅಷ್ಟರಲ್ಲಿ ಬಿಟ್ಟು ಹೋಗಿರುತ್ತಾಳೆ. ಸರ್ಕಾರ ಮಾಡಬಹುದಾದದ್ದನ್ನೇ ದಾನಿ ಸಣ್ಣದಾಗಿ ಮಾಡಿದರೆ ಅದರಲ್ಲಿ ಅಂಥ ಅರ್ಥವಿಲ್ಲ. 2023ರಲ್ಲಿ ಅಮರಿಲ್ಲೋ ಕಾಲೇಜು ಕಮ್ಯುನಿಟಿ ಕಾಲೇಜುಗಳಿಗೆ ಕೊಡುವ ಆಸ್ಪೆನ್ ಪ್ರಶಸ್ತಿಯನ್ನು ಕ್ಯಾಲಿಫೋರ್ನಿಯಾದ ಇಂಪೀರಿಯಲ್ ವ್ಯಾಲಿ ಕಾಲೇಜಿನ ಜೊತೆ ಹಂಚಿಕೊಂಡಿತು.

ಓದುವವರಿಗೆ ಊಟ ಹಾಕುವುದು ನಮಗೆ ಹೊಸದಲ್ಲ. ವಾರಾನ್ನ ತಿಂದು ಓದಿದವರ ಕಥೆ ನಮ್ಮ ಎಷ್ಟೋ ಮನೆಗಳಲ್ಲಿದೆ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ದೊಡ್ಡ ಉಪಕಾರವೇ. ಆದರೆ ಯಾವ ಮನೆಯಲ್ಲಿ ಯಾವ ಜಾತಿಯ ಹುಡುಗನಿಗೆ ಎಲೆ ಹಾಕುತ್ತಿದ್ದರು ಅನ್ನುವುದನ್ನೂ ನೆನಪಿಡಬೇಕು. ಎಷ್ಟೋ ಜಾತಿಗಳ ಹುಡುಗರಿಗೆ ಆ ಬಾಗಿಲು ತೆರೆಯಲೇ ಇಲ್ಲ. ಅವರು ತಮ್ಮದೇ ಹಾಸ್ಟೆಲು ಕಟ್ಟಿಕೊಳ್ಳಬೇಕಾಯಿತು, ಇಲ್ಲವೇ ಸಿದ್ಧಗಂಗೆಯಂಥ, ಜಾತಿ ಕೇಳದೆ ಅನ್ನ ಹಾಕುವ ಮಠ ಹುಡುಕಿಕೊಂಡು ಹೋಗಬೇಕಾಯಿತು. ಖಾಸಗಿ ದಯೆ ತನ್ನವರನ್ನೇ ಹುಡುಕುತ್ತದೆ. ಇಲ್ಲಿಯ ದಾನಿಗಳೂ ಅಷ್ಟೇ, ನಾವೂ ಅಷ್ಟೇ. ಅದಕ್ಕೇ ದುಡ್ಡು ಒಟ್ಟು ನಿಧಿಗೆ ಹೋಗಬೇಕು, ಯಾರಿಗೆ ಅನ್ನುವುದನ್ನು ವಿದ್ಯಾರ್ಥಿಯನ್ನು ದಿನಾ ನೋಡುವವರು ತೀರ್ಮಾನಿಸಬೇಕು ಅನ್ನುವುದು ನನ್ನ ಹಟ. ಬಡತನವನ್ನು ಎರಡು ಪುಟದ ಪ್ರಬಂಧ ಬರೆದು ರುಜುವಾತು ಮಾಡು ಅನ್ನುವ ಸ್ಕಾಲರ್‌ಶಿಪ್ಪುಗಳನ್ನು ಕಂಡರೆ ನನಗೆ ಆಗುವುದಿಲ್ಲ.

ಸಣ್ಣ ಮೊತ್ತದಿಂದ ಎಲ್ಲವೂ ಆಗುತ್ತದೆ ಅಂತಲ್ಲ. ನ್ಯೂಯಾರ್ಕ್ ನಗರದ ಕಮ್ಯುನಿಟಿ ಕಾಲೇಜುಗಳಲ್ಲಿ 2007ರಲ್ಲಿ ಅಸ್ಯಾಪ್ ಅನ್ನುವ ಕಾರ್ಯಕ್ರಮ ಶುರುವಾಯಿತು. ಫುಲ್ ಟೈಮ್ ಓದಬೇಕು. ಅದಕ್ಕೆ ಬದಲಾಗಿ ಪದೇ ಪದೇ ಭೇಟಿಯಾಗುವ ಸಲಹೆಗಾರರು, ಪುಸ್ತಕಕ್ಕೆ ಸಹಾಯ, ಸಬ್‌ವೇ ರೈಲಿಗೂ ಬಸ್ಸಿಗೂ ಆಗುತ್ತಿದ್ದ ಮೆಟ್ರೊಕಾರ್ಡ್ ಪಾಸು ಕೊಡುತ್ತಿದ್ದರು. ಎಂಡಿಆರ್‌ಸಿ ಅನ್ನುವ ಸಂಶೋಧನಾ ಸಂಸ್ಥೆ ಲಾಟರಿ ಎತ್ತಿ ಎರಡು ಗುಂಪು ಮಾಡಿ ಪರೀಕ್ಷಿಸಿತು. ಮೂರು ವರ್ಷದಲ್ಲಿ ಪದವಿ ಮುಗಿಸಿದವರು ಕಾರ್ಯಕ್ರಮದಲ್ಲಿ 40 ಪರ್ಸೆಂಟ್, ಹೊರಗಿದ್ದವರಲ್ಲಿ 22. ಖರ್ಚು ಕಡಿಮೆಯಲ್ಲ, ಒಬ್ಬ ವಿದ್ಯಾರ್ಥಿಗೆ ಮೂರು ವರ್ಷಕ್ಕೆ ಸುಮಾರು 16,300 ಡಾಲರ್ ಜಾಸ್ತಿ. ಆದರೂ ಪಾಸಾದ ಒಬ್ಬೊಬ್ಬರಿಗೆ ತಗುಲಿದ ವೆಚ್ಚ ನೋಡಿದರೆ ಅದು ಕಡಿಮೆಯೇ, ಯಾಕೆಂದರೆ ಮುಗಿಸಿದವರು ಅಷ್ಟು ಜಾಸ್ತಿ.

ಇದು ನ್ಯೂಯಾರ್ಕಿನಲ್ಲಿ ಮಾತ್ರ ನಡೆಯುತ್ತದೆ ಅಂದವರಿದ್ದರು. ಒಹಾಯೊದ ಮೂರು ಕಮ್ಯುನಿಟಿ ಕಾಲೇಜುಗಳು ಖಾಸಗಿ ದಾನಿಗಳ ನೆರವಿನಿಂದ ಅದನ್ನೇ ಮಾಡಿ ನೋಡಿದವು. ಅಲ್ಲಿ ಹೆಚ್ಚಿನವರು ಕಾರಿನಲ್ಲೇ ಬರುತ್ತಾರೆ. ಹಾಗಾಗಿ ಮೆಟ್ರೊಕಾರ್ಡ್ ಬದಲು ತಿಂಗಳಿಗೆ 50 ಡಾಲರಿನ ಗಿಫ್ಟ್ ಕಾರ್ಡ್, ಪೆಟ್ರೋಲಿಗೋ ದಿನಸಿಗೋ. ಊರಿಗೆ ತಕ್ಕ ಹಾಗೆ ಬದಲಾಯಿಸುವುದು ಅಂದರೆ ಇದು. ಮೂರು ವರ್ಷದಲ್ಲಿ ಮುಗಿಸಿದವರು 19ರಿಂದ 35 ಪರ್ಸೆಂಟಿಗೆ ಏರಿದರು.

ಆದರೆ ಪ್ರಯೋಗದ ದುಡ್ಡು ಮುಗಿದ ಮೇಲೆ? ಇದು ಎಲ್ಲ ಕಡೆಯ ಕಾಯಿಲೆ. ದಾನಿಗೆ ಹೊಸದು ಬೇಕು. ಮೂರು ವರ್ಷ ಕೊಟ್ಟು, ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿ, ಇನ್ನೊಂದು ಹೊಸದರ ಕಡೆ ಹೋಗುತ್ತಾನೆ. ಸಲಹೆಗಾರರ ಸಂಬಳ ಮಾತ್ರ ನಾಲ್ಕನೇ ವರ್ಷವೂ ಕೊಡಬೇಕು. ಆ ಮೂರರಲ್ಲಿ ಲೊರೇನ್ ಕೌಂಟಿ ಕಮ್ಯುನಿಟಿ ಕಾಲೇಜು ಸೇಲ್ ಅನ್ನುವ ಹೆಸರಿನಲ್ಲಿ ಅದನ್ನು ಮುಂದುವರಿಸಿತು. ಮೊದಲ ದಿನವೇ ಕೇಳಬೇಕಾದ ಪ್ರಶ್ನೆ ಇದು. ನಾಲ್ಕನೇ ವರ್ಷ ಯಾರು ಕೊಡುತ್ತಾರೆ?

ಒಬ್ಬರನ್ನೇ ನಂಬಿದರೂ ಕಷ್ಟವಿದೆ. ಆರ್ಕನ್ಸಾದ ಎಲ್ ಡೊರಾಡೊ ಸಣ್ಣ ಊರು. ಅಲ್ಲಿ ಮರ್ಫಿ ಆಯಿಲ್ ಕಂಪನಿಯ ಮುಖ್ಯ ಕಚೇರಿ ಇತ್ತು. 2007ರಲ್ಲಿ ಕಂಪನಿ 50 ಮಿಲಿಯನ್ ಡಾಲರ್ ಕೊಟ್ಟು ಎಲ್ ಡೊರಾಡೊ ಪ್ರಾಮಿಸ್ ಶುರು ಮಾಡಿತು. 2020ರಲ್ಲಿ ಅದೇ ಕಂಪನಿ ಮುಖ್ಯ ಕಚೇರಿಯನ್ನು ಹ್ಯೂಸ್ಟನ್‌ಗೆ ಸಾಗಿಸಿತು. ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತೇವೆ ಅಂತ ಹೇಳಿತು, ಅದು ಅವರ ಒಳ್ಳೆಯತನ. ಆದರೆ ಊರಿನ ದಾನಿ ಊರಲ್ಲೇ ಇರುತ್ತಾನೆ ಅನ್ನುವ ಗ್ಯಾರಂಟಿ ಯಾರೂ ಕೊಟ್ಟಿಲ್ಲ.

ಹೊರಗಿನವರು ಬಂದು ಕೊಟ್ಟದ್ದೂ ಇದೆ. 2021ರಲ್ಲಿ, ಅಮೆಜಾನ್ ಷೇರುಗಳಿಂದ ಶ್ರೀಮಂತರಾದ ದಾನಿ ಮೆಕೆಂಝಿ ಸ್ಕಾಟ್ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಸಿಟಿ ಕಾಲೇಜಿಗೆ 30 ಮಿಲಿಯನ್, ಅಮರಿಲ್ಲೋಗೆ 15 ಮಿಲಿಯನ್ ಡಾಲರ್ ಕೊಟ್ಟರು. ಷರತ್ತು ಇಲ್ಲ, ನಿಮಗೆ ಬೇಕಾದ ಹಾಗೆ ಬಳಸಿ ಅಂತ. ಊರಿನ ದಾನಿಗಳು ಇದರಿಂದ ಕಲಿಯಬೇಕಾದದ್ದು ಮೊತ್ತವನ್ನಲ್ಲ, ಆ ನಂಬಿಕೆಯನ್ನು.

ಕೊನೆಯಲ್ಲಿ ಒಬ್ಬರು ಕೇಳಿದರು: "ಸರ್, ನಾವು ನಾಲ್ಕು ಮನೆಯವರು ಸೇರಿ ವರ್ಷಕ್ಕೆ ಎರಡು ಸಾವಿರ ಡಾಲರ್ ಕೊಡಬಹುದು. ಅಷ್ಟರಲ್ಲಿ ಏನಾಗುತ್ತೆ?"

ಧಾರಾಳವಾಗಿ ಆಗುತ್ತದೆ. ಐದಾರು ಮಂದಿಯ ಟೈರ್, ಬ್ಯಾಟರಿ, ಕರೆಂಟ್ ಬಿಲ್. ಹತ್ತಿರದ ಕಮ್ಯುನಿಟಿ ಕಾಲೇಜಿನ ಫೌಂಡೇಶನ್ ಕಚೇರಿಗೆ ಫೋನ್ ಮಾಡಿ. ತುರ್ತು ನಿಧಿ ಇದೆಯಾ ಅಂತ ಕೇಳಿ. ಇದ್ದರೆ, ಅರ್ಜಿ ಹಾಕಿದ ಎಷ್ಟು ದಿನಕ್ಕೆ ದುಡ್ಡು ಕೈಗೆ ಬರುತ್ತದೆ ಅಂತ ಕೇಳಿ. ಎರಡು ವಾರ ಅಂದರೆ ಅದು ತುರ್ತು ನಿಧಿಯಲ್ಲ. ನಿಮ್ಮ ಹೆಸರಲ್ಲೇ ಪ್ರತ್ಯೇಕ ಸ್ಕಾಲರ್‌ಶಿಪ್ ಮಾಡೋಣ ಅಂತ ಅವರೇ ಹೇಳಬಹುದು. ಬೇಡ ಅನ್ನಿ, ಒಟ್ಟು ನಿಧಿಗೇ ಹಾಕಿ.

ಅದು ಬಿಟ್ಟು ಸ್ಕಾಲರ್‌ಶಿಪ್ಪೇ ಮಾಡುತ್ತೇವೆ ಅನ್ನುವುದಾದರೆ ಇನ್ನೊಂದು ವಿಷಯ ತಿಳಿದಿರಬೇಕು. ಹೊರಗಿನ ಸ್ಕಾಲರ್‌ಶಿಪ್ ಬಂತು ಅಂತ ಕೆಲವು ಕಾಲೇಜುಗಳು ತಾವು ಕೊಡುತ್ತಿದ್ದ ಸಹಾಯವನ್ನು ಅಷ್ಟೇ ಕಡಿಮೆ ಮಾಡುತ್ತವೆ. ನೀವು ಕೊಟ್ಟ ಸಾವಿರ ಕಾಲೇಜಿಗೆ ಉಳಿತಾಯ, ವಿದ್ಯಾರ್ಥಿಗೆ ಏನೂ ಇಲ್ಲ. ಮೇರಿಲ್ಯಾಂಡ್ 2017ರಲ್ಲಿ ಸರ್ಕಾರಿ ಕಾಲೇಜುಗಳಲ್ಲಿ ಇದನ್ನು ಕಾನೂನು ಮಾಡಿ ತಡೆಯಿತು, ಹಾಗೆ ಮಾಡಿದ ಮೊದಲ ರಾಜ್ಯ ಅದು. ನೀವಿರುವ ರಾಜ್ಯದಲ್ಲಿ ಹೇಗೆ ಅಂತ ಚೆಕ್ ಬರೆಯುವ ಮುಂಚೆ ಫೈನಾನ್ಶಿಯಲ್ ಏಡ್ ಕಚೇರಿಯಲ್ಲಿ ಕೇಳಿ. ಉತ್ತರವನ್ನು ಈಮೇಲಿನಲ್ಲೇ ತೆಗೆದುಕೊಳ್ಳಿ.